ಮಕ್ಕಳನ್ನು ದೊಡ್ಡಿಗೆ ಹಾಕಿದ ವರ್ಷ

ಹೋದ ವಾರ ನಮ್ಮ ಸೀಮೆಹಸುವಿಗೆ ಕಾಲುಬಾಯಿ ಜ್ವರದ ಸೂಜಿ ಹಾಕಿಸಲು ಮೊಮ್ಮಗನ ಜೊತೆ ದೊಡ್ಡಬೆಳವಂಗಲದ ದನದ ಆಸ್ಪತ್ರೆಗೆ ಹೋಗಿದ್ದೆ. ನಾನು ಹೋಗಲೇಬೇಕೆಂದೇನೂ ಇರಲಿಲ್ಲ. ಆದರೆ ಆ ಹಸು ನನ್ನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ. ಮನೆಯಲ್ಲಿ ನನ್ನ ಮಾತು ಕೇಳುವುದೂ ಈಗ ಅದೊಂದೇ. ಆಸ್ಪತ್ರೆಯ ಮುಂದೆ ಸಾಲಾಗಿ ದನಗಳು ನಿಂತಿದ್ದವು, ನೆಲವೆಲ್ಲ ಗಂಜಲ. ಡಾಕ್ಟರು ಹತ್ತಿಗೆ ಸ್ಪಿರಿಟ್ಟು ಹಚ್ಚಿದರು. ಗಂಜಲದ ವಾಸನೆಯೂ ಸ್ಪಿರಿಟ್ಟಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ಸೂಜಿ ಆಗಿ ಹಗ್ಗ ಬಿಚ್ಚಿದರು. ನನ್ನ ಕೈ ತಾನಾಗಿ ಹಸುವಿನ ಬೆನ್ನಿಗೆ ಒಂದು ತಟ್ಟಿತು, ಬಾಯಿ ತಾನಾಗಿ ಹೇಳಿತು: "ದಂಡ ತೀರ್ತು, ಮನೆ ಕಡೆ ನಡಿ."

ಡಾಕ್ಟರು ಚಿಕ್ಕ ಹುಡುಗ. "ಇದೇನಜ್ಜಿ, ದಂಡ ಯಾಕೆ? ಸರ್ಕಾರದ ಸೂಜಿ, ಬಿಟ್ಟಿ," ಅಂದ. ನಾನು ನಕ್ಕು ಹಗ್ಗ ಕೈಗೆ ತೆಗೆದುಕೊಂಡೆ. ಹೇಳಬೇಕೆಂದರೆ ಒಂದು ಬೆಳಗು ಪೂರ್ತಿ ಬೇಕು, ನನ್ನ ಹಿಂದೆ ಎಮ್ಮೆಗಳು ಕಾಯುತ್ತಿದ್ದವು. ಆ ಹುಡುಗನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಯುದ್ಧ ನಡೆಯುತ್ತಿದ್ದ ಕಾಲ. ಎಲ್ಲೋ ಯಾರೋ ಹೊಡೆದಾಡಿದರೆ ನಮಗೆ ಸೀಮೆಎಣ್ಣೆ ಯಾಕೆ ಸಿಗುವುದಿಲ್ಲ ಎಂದು ನಮ್ಮ ಅತ್ತೆ ದಿನಾ ಕೇಳುತ್ತಿದ್ದರು. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಊರು ಬೆಳವಂಗಲದ ಆಸುಪಾಸಿನದು. ಹೆಸರು ಬೇಡ. ಪಟೇಲರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಅವರ ತಾತನ ಸೂಜಿ ಪ್ರಸಂಗ ಓದಿದರೆ ಬೇಸರ ಮಾಡಿಕೊಂಡಾರು.

ದಸರಾ ಕಳೆದು ರಾಗಿ ತೆನೆ ಬಲಿಯುವ ಹೊತ್ತಿಗೆ ಊರಲ್ಲಿ ಇಲಿ ಬಿತ್ತು. ಇಲಿ ಬಿತ್ತು ಅಂದರೆ ಈಗಿನವರಿಗೆ ಅರ್ಥವಾಗುವುದಿಲ್ಲ. ಅಟ್ಟದ ಮೇಲಿಂದ, ತೊಲೆಯ ಸಂದಿಯಿಂದ ಇಲಿಗಳು ತಾವಾಗಿಯೇ ಬಿದ್ದು, ಎರಡು ಸುತ್ತು ಸುತ್ತಿ ಸಾಯುತ್ತಿದ್ದವು. ಅದನ್ನು ಕಂಡ ಮೇಲೆ ಯಾರೂ ವೈದ್ಯರನ್ನು ಕೇಳುತ್ತಿರಲಿಲ್ಲ. ಪ್ಲೇಗು ಬಂತು, ಊರು ಬಿಡಬೇಕು, ಅಷ್ಟೇ. ಮನೆಗಳ ಹೆಂಚು ತೆಗೆದು ಒಳಗೆ ಬಿಸಿಲು ಬೀಳುವ ಹಾಗೆ ಮಾಡಿ, ಬಾಗಿಲಿಗೆ ಬೀಗ ಹಾಕಿ, ಪಾತ್ರೆ ಪಗಡ, ಒರಳು, ಕೋಳಿ ಎಲ್ಲ ಹೊತ್ತುಕೊಂಡು ಕೆರೆಯಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ನಮ್ಮ ಜನ ಜಗಳಗಳನ್ನೂ ಬಿಟ್ಟು ಬರಲಿಲ್ಲ. ಊರಿನಲ್ಲಿ ನಡುಗೋಡೆಗಾಗಿ ಹೊಡೆದಾಡಿದ್ದ ಅಣ್ಣತಮ್ಮಂದಿರು ಬಟಾಬಯಲಿನಲ್ಲಿ ಪಕ್ಕಪಕ್ಕವೇ ಗುಡಿಸಲು ಹಾಕಿ, ನಡುವೆ ಬೂದಿಯಲ್ಲಿ ಗೆರೆ ಎಳೆದುಕೊಂಡರು. ಗಾಳಿ ಬಂದು ಗೆರೆ ಹಾರಿಹೋದಾಗಲೆಲ್ಲ ಮತ್ತೆ ಜಗಳ.

ದೊಡ್ಡವರದು ಹೇಗೋ ನಡೆಯುತ್ತಿತ್ತು. ತೊಂದರೆ ಮಕ್ಕಳದು. ನಾವೆಲ್ಲ ಬೆಳಗಾದರೆ ರಾಗಿ ಕೊಯ್ಲಿಗೆ ಹೋಗುವವರು. ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲ, ಮೇಷ್ಟ್ರು ಶಾಲೆಗೆ ಬೀಗ ಹಾಕಿ ತಮ್ಮೂರಿಗೆ ಹೋಗಿದ್ದರು. ಅತ್ತ ನೋಡಿದರೆ ಒಂದು ಇಡೀ ಊರು ದೊಡ್ಡವರಿಲ್ಲದೆ ಖಾಲಿ ಬಿದ್ದಿದೆ, ಪಟೇಲರ ಹಿತ್ತಲಿನ ಸೀಬೆ ಹಣ್ಣಾಗಿದೆ, ಕೇಳುವವರಿಲ್ಲ. ಯಾವ ಮಗು ತಡೆದುಕೊಳ್ಳುತ್ತದೆ? ನಾವು ಬೆನ್ನು ತಿರುಗಿಸಿದ ಕೂಡಲೇ ಕೆರೆ ಏರಿ ಹತ್ತಿ ಊರಿಗೆ ಓಟ. ಒಂದು ಸಂಜೆ ಬೂದಿಗೆರೆಯ ಅಣ್ಣನ ಮಗ ಸತ್ತ ಹೆಗ್ಗಣವೊಂದನ್ನು ಬಾಲ ಹಿಡಿದು ತಂದು, ತಮ್ಮನ ಗುಡಿಸಲಿನ ಮುಂದೆ ನಿಂತು ತೋರಿಸಿದ. ಆವತ್ತು ಗೆರೆಯ ಎರಡೂ ಕಡೆಯವರು ಒಟ್ಟಾಗಿ ಓಡಿದರು.

ಪಟೇಲರು ಹೊಂಗೆಮರದ ಕೆಳಗೆ ಸಭೆ ಸೇರಿಸಿದರು. ಪಟೇಲ ಚಿಕ್ಕೇಗೌಡರು ಅಂದರೆ ಆರಡಿ ಆಳು, ಮೀಸೆಗೆ ದಿನಾ ಹರಳೆಣ್ಣೆ ಹಚ್ಚುವವರು, ಒಮ್ಮೆ ಬರಿ ದೊಣ್ಣೆಯಲ್ಲಿ ಕಾಡುಹಂದಿ ಓಡಿಸಿದವರು. ಸಭೆಗೆ ಕಾಂಪೌಂಡರ್ ವೆಂಕೋಬರಾಯರೂ ಬಂದಿದ್ದರು. ಅವರು ತಾಲ್ಲೂಕಿನಿಂದ ಪ್ಲೇಗಿನ ಸೂಜಿಮದ್ದು ತುಂಬಿದ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ವಾರದಿಂದ ಹೊಲಹೊಲ ಸುತ್ತುತ್ತಿದ್ದರು. ಅವರನ್ನು ಕಂಡರೆ ಜನ ಜೋಳದ ಹೊಲದೊಳಗೆ ಅಡಗುತ್ತಿದ್ದರು. ಎದುರುಗೊಳ್ಳುತ್ತಿದ್ದದ್ದು ನಾಯಿಗಳು ಮಾತ್ರ.

"ಮಕ್ಕಳಿಗಾದ್ರೂ ಹಾಕ್ಸಿ ಪಟೇಲರೇ. ನಿಮ್ಮ ಕಾಲು ಹಿಡ್ಕೋತೀನಿ," ಎಂದರು ಕಾಂಪೌಂಡರು.

"ಸೂಜಿ ವಿಷ್ಯ ಆಮೇಲ್ ನೋಡಣ ಸ್ವಾಮಿ. ಮೊದ್ಲು ಈ ಮಕ್ಕಳು ಊರಿಗ್ ಹೋಗೋದು ನಿಲ್ಬೇಕು," ಎಂದು ಪಟೇಲರು ಸುತ್ತ ನೋಡಿದರು. ಕಣ್ಣಿಗೆ ಬಿದ್ದವನು ದೊಡ್ಡಿ ಮುನಿಯಪ್ಪ.

ಈ ಮುನಿಯಪ್ಪನ ಬಗ್ಗೆ ಹೇಳಬೇಕು. ಬೇರೆಯವರ ಹೊಲಕ್ಕೆ ನುಗ್ಗಿ ಪೈರು ಮೇಯ್ದ ದನವನ್ನು ಹಿಡಿದು ಕೂಡಿಹಾಕುವ ಕಲ್ಲುಗೋಡೆಯ ಆವರಣಕ್ಕೆ ನಮ್ಮ ಕಡೆ ದೊಡ್ಡಿ ಅನ್ನುತ್ತಾರೆ. ನಮ್ಮೂರ ದೊಡ್ಡಿ ಊರ ಹೊರಗೆ ದಿಣ್ಣೆಯ ಮೇಲಿತ್ತು. ಒಂದು ಬೇವಿನ ಮರ, ಸೋಗೆ ಹೊದಿಸಿದ ಒಂದು ಮಾಡು, ಒಂದು ನೀರಿನ ತೊಟ್ಟಿ. ಕಾಳುಕಡ್ಡಿ ಇಲ್ಲದ್ದರಿಂದ ಇಲಿಯ ಸುಳಿವೂ ಇರಲಿಲ್ಲ. ಅದರ ಕಾವಲಿನವನು ಮುನಿಯಪ್ಪ. ಅವನಿಗೆ ದಯೆ ಇರಲಿಲ್ಲವೆಂದಲ್ಲ, ಕಾಯಿದೆ ಜಾಸ್ತಿ ಇತ್ತು. ಒಳಗೆ ಬಂದ ಪ್ರಾಣಿ ದಂಡವಿಲ್ಲದೆ ಹೊರಗೆ ಹೋಗುವ ಹಾಗಿಲ್ಲ. ಬಿಡಿಸಿಕೊಳ್ಳಲು ಮನೆಯ ಯಜಮಾನರೇ ಬರಬೇಕು, ಆಳು ಬಂದರೆ ನಡೆಯದು. ಬಿಡುವಾಗ ಪ್ರಾಣಿಯ ಬೆನ್ನಿಗೊಂದು ತಟ್ಟಿ "ದಂಡ ತೀರ್ತು, ಮನೆ ಕಡೆ ನಡಿ" ಅನ್ನದೆ ಬಾಗಿಲು ತೆಗೆಯುತ್ತಿರಲಿಲ್ಲ. ಒಮ್ಮೆ ಅವನದೇ ಆಡು ಅವನದೇ ತಮ್ಮನ ಹೊಲಕ್ಕೆ ನುಗ್ಗಿತ್ತು. ತಾನೇ ಹಿಡಿದು, ತಾನೇ ದಂಡ ಕಟ್ಟಿ, ತಾನೇ ಬೆನ್ನು ತಟ್ಟಿ ಬಿಟ್ಟಿದ್ದ. ಆ ವರ್ಷ ಅವನಿಗೆ ಕೆಲಸವೇ ಇರಲಿಲ್ಲ. ಜನವೆಲ್ಲ ಹೊಲದಲ್ಲೇ ವಾಸ ಮಾಡಿದರೆ ಯಾವ ದನ ಯಾರ ಕಣ್ಣು ತಪ್ಪಿಸುತ್ತದೆ? ವಾರಸುದಾರರಿಲ್ಲದ ಒಂದು ಕತ್ತೆ ಮಾತ್ರ ಒಳಗಿತ್ತು.

"ಮುನಿಯಾ, ನಾಳೆಯಿಂದ ಊರ ಬಾಗಿಲ ಕಲ್ಲ ಹತ್ರ ಕೂತ್ಕೊ. ಯಾವ ಮಗು ಕಲ್ಲು ದಾಟ್ತೋ ಹಿಡಿ," ಎಂದರು ಪಟೇಲರು.

"ಹಿಡಿದು ಏನ್ ಮಾಡ್ಲಿ ಬುದ್ಧಿ?"

"ಏನ್ ಮಾಡ್ತೀಯಾ, ದೊಡ್ಡಿಗ್ ಹಾಕು," ಎಂದು ರೇಗಿಬಿಟ್ಟು ಪಟೇಲರು ಎದ್ದು ಹೋದರು.

ಅವರು ರೇಗಿ ಹೇಳಿದ್ದು. ಮುನಿಯಪ್ಪ ಅದನ್ನು ಹುಕುಂ ಎಂದುಕೊಂಡ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಊರಿನ ಐದು ಮಕ್ಕಳು ಕತ್ತೆಯ ಜೊತೆ ದೊಡ್ಡಿಯಲ್ಲಿದ್ದವು. ಅವುಗಳ ಅರಚಾಟ ಕೇಳಿ ತಾಯಂದಿರು ಕುಡುಗೋಲು ಹಿಡಿದೇ ಓಡಿಬಂದರು. ಮುನಿಯಪ್ಪ ಬಾಗಿಲಿಗೆ ಅಡ್ಡ ನಿಂತ.

"ದಂಡ ಇಲ್ದೆ ಬಿಡಂಗಿಲ್ಲ."

"ಅಲ್ಲಪ್ಪಾ, ಅದು ಮಗು ಕಣೋ. ಮಗೂಗೆಂಥ ದಂಡ?"

ಅದು ಅವನಿಗೂ ಗೊತ್ತಿರಲಿಲ್ಲ. ಎಮ್ಮೆಗೆ ಇಷ್ಟು, ಎತ್ತಿಗೆ ಇಷ್ಟು ಅಂತ ಇತ್ತೇ ಹೊರತು ಮಗುವಿಗೆ ಇಷ್ಟು ಅಂತ ಯಾರೂ ಗೊತ್ತುಮಾಡಿರಲಿಲ್ಲ. ಎಲ್ಲರೂ ಕೂಗಾಡುತ್ತಿರುವಾಗ ವೆಂಕೋಬರಾಯರ ಸೈಕಲ್ಲು ಆ ದಾರಿಯಲ್ಲಿ ಬಂತು. ವಾರದಿಂದ ನಾಯಿ ಬೊಗಳಿಸಿಕೊಂಡಿದ್ದ ಮನುಷ್ಯ, ಒಂದು ಕ್ಷಣ ಕೇಳಿಸಿಕೊಂಡು ಪೆಟ್ಟಿಗೆ ಇಳಿಸಿದರು.

"ದಂಡ ನಾನು ಹೇಳ್ತೀನಿ. ಮಗೂಗೆ ಒಂದು ಸೂಜಿ, ಬಿಡಿಸ್ಕೊಳ್ಳೋಕೆ ಬಂದೋರಿಗೆ ಒಂದು ಸೂಜಿ."

ಪಟೇಲರಿಗೆ ಸುದ್ದಿ ಹೋಯಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಸರಿ, ಹಾಗೇ ಆಗಲಿ, ಅದೇ ಕಾನೂನು ಎಂದು ಹೇಳಿ ಕಳಿಸಿದರು. ಐದೂ ಮಕ್ಕಳ ಮನೆ ಯಜಮಾನರು ಗೊಣಗುತ್ತ ದಂಡ ತೀರಿಸಿ ಬಿಡಿಸಿಕೊಂಡು ಹೋದರು. ಪಟೇಲರ ನಗು ಸಂಜೆಯವರೆಗೆ ಉಳಿಯಿತು. ಸಂಜೆ ಅವರ ಮೊಮ್ಮಗ ಸಿಕ್ಕಿಬಿದ್ದ, ಅದೂ ಅವರದೇ ಹಿತ್ತಲಿನ ಸೀಬೆಹಣ್ಣು ಸಮೇತ.

ಪಟೇಲರು ಬಂದರು. ಮುನಿಯಪ್ಪ ಕೈಮುಗಿದ. ಬಾಗಿಲು ಮಾತ್ರ ತೆಗೆಯಲಿಲ್ಲ. ಸ್ಪಿರಿಟ್ಟಿನ ಒಲೆಯ ಮೇಲೆ ಸೂಜಿ ಕುದಿಯುತ್ತಿತ್ತು. ಆ ಗಾಜಿನ ಕೊಳವೆಯನ್ನು ನೋಡುತ್ತ ನೋಡುತ್ತ ಪಟೇಲರ ಹಣೆಯಲ್ಲಿ ಬೆವರು ಬಂತು.

"ಲೇ ಮುನಿಯಾ, ಹುಡುಗನ ಅಪ್ಪ ಬರ್ತಾನೆ ಕಣೋ. ಅವನಿಗೆ ಹಾಕ್ಲಿ."

"ಮನೆ ಯಜಮಾನ್ರು ತಾವಲ್ವಾ ಬುದ್ಧಿ?"

ಇಡೀ ಊರು ನೋಡುತ್ತಿತ್ತು. ಹಂದಿ ಓಡಿಸಿದ ಪಟೇಲರು ಎಡಗೈಯಲ್ಲಿ ಮುನಿಯಪ್ಪನ ಭುಜ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಲಗೈ ಚಾಚಿದರು. ಸೂಜಿ ತಾಗುವ ಮೊದಲೇ ಕುಸಿದು ಬಿದ್ದರು. ರಾಯರು ಬಿದ್ದಲ್ಲೇ ಸೂಜಿ ಹಾಕಿದರು. ಎದ್ದಾಗ ಮೀಸೆಯ ಎಣ್ಣೆಗೆ ಮಣ್ಣು ಮೆತ್ತಿತ್ತು. "ಬಿಸ್ಲು ಜಾಸ್ತಿ," ಅಂದರು. ಸೂರ್ಯ ಆಗಲೇ ಕೆರೆಯ ಆಚೆ ಇಳಿದಿದ್ದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಲೆಕ್ಕ ಬೇರೆ ಇತ್ತು. ನನಗಿದ್ದದ್ದು ಒಬ್ಬಳೇ ಮಗಳು ಪುಟ್ಟಿ, ಐದು ವರ್ಷದವಳು. ಅವಳಿಗೆ ಸೂಜಿ ಹಾಕಿಸಬೇಕೆಂದು ನಾನು ಇಲಿ ಬಿದ್ದ ದಿನದಿಂದ ಹೇಳುತ್ತಿದ್ದೆ. ನಮ್ಮ ಯಜಮಾನರು ಅಮ್ಮ ಹೇಳಿದ್ದಕ್ಕೂ ಹ್ಞೂ ಅನ್ನುವವರು, ನಾನು ಹೇಳಿದ್ದಕ್ಕೂ ಹ್ಞೂ ಅನ್ನುವವರು. ಎರಡು ಹ್ಞೂಗಳ ನಡುವೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಮನೆಯ ಯಜಮಾನಿಕೆ ನಮ್ಮ ಅತ್ತೆ ನಂಜಮ್ಮನವರದು. ಅವರು ಸೂಜಿ ಅಂದರೆ ಎದ್ದು ಹೋಗುತ್ತಿದ್ದರು. ಜಗಳ ಆಡುತ್ತಿರಲಿಲ್ಲ, ಅದೇ ನನಗೆ ಭಯ. ಉಪ್ಪು ಜಾಸ್ತಿಯಾದರೆ ಬೀದಿಗೆ ಕೇಳುವ ಹಾಗೆ ಕೂಗುವ ಹೆಂಗಸು, ಈ ಒಂದು ವಿಷಯಕ್ಕೆ ಮಾತೇ ಆಡುತ್ತಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಹಿಂದೊಂದು ಪ್ಲೇಗಿನಲ್ಲಿ ಅವರ ಎರಡನೆಯ ಮಗ, ನಮ್ಮ ಯಜಮಾನರ ತಮ್ಮ, ಮೂರು ವರ್ಷದವನು ಹೋಗಿದ್ದ. ಯಾರೋ ಹೇಳಿದರೆಂದು ಅತ್ತೆಯೇ ಅವನನ್ನು ಎತ್ತಿಕೊಂಡು ಹೋಗಿ ಸೂಜಿ ಹಾಕಿಸಿದ್ದರು. ಎರಡೇ ದಿನಕ್ಕೆ ಕಂಕುಳಲ್ಲಿ ಪ್ಲೇಗಿನ ಗಂಟು ಬಂದು ಮಗು ತೀರಿಕೊಂಡಿತು. ಸೂಜಿಗೆ ಮುಂಚೆಯೇ ಕಾಯಿಲೆ ಒಳಗೆ ಹೊಕ್ಕಿತ್ತು ಎಂದು ಆಗಿನ ಡಾಕ್ಟರು ಹೇಳಿದರಂತೆ. ಎತ್ತಿಕೊಂಡು ಹೋದ ತಾಯಿಗೆ ಆ ಮಾತು ಯಾವ ಕೆಲಸಕ್ಕೆ ಬರುತ್ತದೆ?

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಪುಟ್ಟಿ ದೊಡ್ಡಿಗೆ ಬೀಳಬೇಕು, ನಾನು ಓಡಿಹೋಗಿ ಸೂಜಿ ಹಾಕಿಸಿ ಬಿಡಿಸಿಕೊಂಡು ಬರಬೇಕು, ಅತ್ತೆಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರಬೇಕು. ಮಗುವನ್ನು ಕರೆದು, "ಊರೊಳಗೆ ಹೋಗ್ಬೇಡ. ಕಲ್ಲಿನ ಹತ್ರ ಮುನಿಯಪ್ಪ ಇರ್ತಾನೆ, ಅಲ್ಲೇ ನಿಂತ್ಕೊ," ಎಂದು ಹೇಳಿಕೊಟ್ಟೆ. ಅವಳು ಹೇಳಿದ ಮಾತು ಕೇಳುವ ಮಗು. ನೆಟ್ಟಗೆ ಹೋಗಿ ಮುನಿಯಪ್ಪನ ಮುಂದೆ ನಿಂತು, "ನನ್ನ ಹಿಡ್ಕೊ," ಅಂದಳಂತೆ.

"ಯಾಕವ್ವಾ? ನೀನಿನ್ನೂ ಕಲ್ಲು ದಾಟಿಲ್ವಲ್ಲ," ಎಂದ ಮುನಿಯಪ್ಪ.

ಪುಟ್ಟಿ ಯೋಚನೆ ಮಾಡಿ, ಒಂದೇ ಒಂದು ಕಾಲನ್ನು ಎತ್ತಿ ಕಲ್ಲಿನ ಆಚೆ ಇಟ್ಟಳು. "ಈಗ?"

"ಈಗ ಆಯ್ತು," ಎಂದು ಅವನು ಎದ್ದು ಬಂದು ಕೈ ಹಿಡಿದುಕೊಂಡ.

ಅಲ್ಲಿಯವರೆಗೆ ಎಲ್ಲ ನಾನು ಅಂದುಕೊಂಡ ಹಾಗೇ ಆಯಿತು. ಆಮೇಲೆ ನಾನು ತಲೆಗೆ ಸೆರಗು ಹೊದ್ದು, ಏದುಸಿರು ಬಿಡುತ್ತ, ಗಾಬರಿಯಾದವಳ ಹಾಗೆ ದೊಡ್ಡಿಗೆ ಓಡಿದೆ. ತೋಳು ಮೇಲಕ್ಕೆ ಮಾಡಿ, "ಹಾಕಿ ರಾಯರೇ, ಇಬ್ರಿಗೂ ಹಾಕಿ," ಅಂದೆ.

ಮುನಿಯಪ್ಪ ಅಡ್ಡ ಬಂದ. "ನೀನಲ್ಲ ತಾಯಿ. ಯಜಮಾನಿತಿ ಬರ್ಬೇಕು."

ಕಾಯಿದೆ ನನಗೆ ಗೊತ್ತಿಲ್ಲದ್ದೇನಲ್ಲ. ಪಟೇಲರ ಪ್ರಸಂಗ ಕಣ್ಣಾರೆ ಕಂಡಿದ್ದೆ. ಹೆತ್ತ ತಾಯಿಗೂ ಅದನ್ನೇ ಹೇಳುತ್ತಾನೆಂದು ಮಾತ್ರ ತಲೆಗೆ ಹೊಳೆದಿರಲಿಲ್ಲ. "ನಾನು ಅವಳ ಅಮ್ಮ ಕಣೋ," ಅಂದೆ. "ಆಗ್ಲಿ ತಾಯಿ. ಕರುವಿನ ತಾಯಿ ಬಂದ್ರೆ ನಾನು ಕರು ಬಿಡ್ತೀನಾ?" ಅಂದ. ಅಳು ಬಂತು, ಕೋಪವೂ ಬಂತು. ಕತ್ತೆ ನನ್ನ ಮುಖವನ್ನೇ ನೋಡುತ್ತಿತ್ತು. ಬೇರೆ ದಾರಿ ಇಲ್ಲದೆ ಹೊಲಕ್ಕೆ ಓಡಿಹೋಗಿ ಅತ್ತೆಗೆ ಹೇಳಿದೆ.

ಅತ್ತೆ ಕುಡುಗೋಲು ಕೆಳಗಿಟ್ಟರು. ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದರು, ನಾನು ಹಿಂದೆ. ಪುಟ್ಟಿಯನ್ನು ಎಳೆದುಕೊಂಡು ಬಂದೇಬಿಡುತ್ತಾರೆ, ಮುನಿಯಪ್ಪನ ಕಾಯಿದೆ ಇವರ ಮುಂದೆ ನಡೆಯುವುದಿಲ್ಲ, ಮಗುವಿಗೆ ಇನ್ನು ಸೂಜಿ ಇಲ್ಲವೇ ಇಲ್ಲ ಎಂದುಕೊಂಡೇ ಬಂದೆ.

ದೊಡ್ಡಿಯ ಬಾಗಿಲಲ್ಲಿ ಅವರು ತುಂಬ ಹೊತ್ತು ಒಲೆಯ ಮೇಲಿನ ಸೂಜಿ ನೋಡುತ್ತ ನಿಂತರು. ಆಮೇಲೆ ಸೆರಗು ಸರಿಸಿ ತೋಳು ಕೊಟ್ಟರು.

"ಮೊದ್ಲು ನಂಗೆ ಹಾಕಿ. ನಾಲ್ಕು ದಿನ ನೋಡ್ತೀನಿ. ನನಗೇನೂ ಆಗ್ಲಿಲ್ಲ ಅಂದ್ರೆ ಮಗೂಗೆ."

ರಾಯರು ಮರುಮಾತಾಡದೆ ಹಾಕಿದರು. ತೊಡಕು ಬಂದದ್ದು ಮುನಿಯಪ್ಪನಿಗೆ. ಮಗುವಿಗೆ ಸೂಜಿ ಆಗದೆ ದಂಡ ತೀರುವುದಿಲ್ಲ, ದಂಡ ತೀರದೆ ಮಗು ಹೊರಗೆ ಬರುವ ಹಾಗಿಲ್ಲ.

"ಹಂಗಾದ್ರೆ ನಾನೂ ಇಲ್ಲೇ ಇರ್ತೀನಿ," ಎಂದು ಅತ್ತೆ ಒಳಗೆ ಹೋಗಿ ಬೇವಿನ ಮರದ ಕೆಳಗೆ ಕೂತರು.

ಮುನಿಯಪ್ಪ ಬೆಪ್ಪಾದ. ದನದ ಜೊತೆ ದನದ ಯಜಮಾನನೂ ದೊಡ್ಡಿಗೆ ಬಿದ್ದರೆ ಏನು ಮಾಡಬೇಕೆಂದು ಅವನ ಕಾಯಿದೆಯಲ್ಲಿ ಇರಲಿಲ್ಲ. "ಅಮ್ಮಾ, ಇದು ದೊಡ್ಡಿ," ಅಂದ.

"ಗೊತ್ತು. ಎಷ್ಟು ದಿನ ಆಯ್ತು ಇದನ್ನ ಗುಡಿಸಿ?"

ನಂಜಮ್ಮನವರು ದೊಡ್ಡಿಗೆ ಬಿದ್ದಿದ್ದಾರೆ ಎಂಬ ಸುದ್ದಿ ಸಂಜೆಗೆ ಬೆಳವಂಗಲದ ಸಂತೆ ಮುಟ್ಟಿತ್ತು. ನೋಡಲು ಬಂದವರಿಗೆಲ್ಲ ಅವರು ಒಂದೊಂದು ಕೆಲಸ ಹೇಳಿದರು. ಒಬ್ಬರು ಸಗಣಿ ನೀರು ತಂದು ಸಾರಿಸಿದರು, ಒಬ್ಬರು ತೊಟ್ಟಿ ತಿಕ್ಕಿದರು, ಮುನಿಯಪ್ಪನಿಗೆ ಸ್ನಾನ ಮಾಡಿಕೊಂಡು ಬಾ ಎಂದು ಅಪ್ಪಣೆಯಾಯಿತು. ಅವನು ಮಾಡಿಕೊಂಡು ಬಂದ. ನಮ್ಮ ಯಜಮಾನರು ಚಾಪೆ ಕಂಬಳಿ ಹೊತ್ತು ತಂದು, "ಇಲ್ಲೇ ಇರ್ತೀಯಾ ಅಮ್ಮಾ?" ಅಂದರು. "ಹ್ಞೂ," ಅಂದರು ಅತ್ತೆ. ಅವರ ಬಾಯಲ್ಲೂ ಹ್ಞೂ ಬರುತ್ತದೆಂದು ಆವತ್ತೇ ತಿಳಿದದ್ದು. ನಾನೂ ಅಲ್ಲೇ ಉಳಿದೆ. ಅದಕ್ಕೆ ಮುನಿಯಪ್ಪ ಬೇಡ ಅನ್ನಲಿಲ್ಲ, ಒಬ್ಬ ಯಜಮಾನಿತಿಯನ್ನೇ ತಡೆಯಲಾಗದವನಿಗೆ ಸೊಸೆಯನ್ನು ತಡೆಯುವ ಧೈರ್ಯ ಉಳಿದಿರಲಿಲ್ಲ.

ಮಾರನೆಯ ದಿನ ಅತ್ತೆಗೆ ಜ್ವರ ಬಂತು.

ತೋಳು ಬದನೆಕಾಯಿಯ ಹಾಗೆ ಊದಿಕೊಂಡಿತು. ಸೂಜಿ ಹಾಕಿದರೆ ಹಾಗೆ ಆಗುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ ಎಂದು ರಾಯರು ಹೇಳಿದರು. ಹೇಳುವಾಗ ಅವರ ಮುಖವೂ ಬಿಳಿಚಿತ್ತು. ಅಷ್ಟು ಹೊತ್ತಿಗೆ ಇಡೀ ಬಯಲಿನಲ್ಲಿ ಒಂದೇ ಮಾತು: ನಂಜಮ್ಮನೋರು ಏನಾಗ್ತಾರೋ ನೋಡಿಕೊಂಡು ಆಮೇಲೆ ಸೂಜಿ. ಮಕ್ಕಳು ಸಿಕ್ಕಿಬೀಳುತ್ತಲೇ ಇದ್ದವು, ಬಿಡಿಸಿಕೊಳ್ಳಲು ಮಾತ್ರ ಯಾರೂ ಬರಲಿಲ್ಲ. ಮೊದಲು ಹಾಕಿಸಿಕೊಂಡವರ ಊತ ಆಗಲೇ ಇಳಿದಿತ್ತು, ಪಟೇಲರಂತೂ ತಮ್ಮ ತೋಳನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದರು. ಜನ ಕೇಳಲಿಲ್ಲ. ಹಂದಿ ಓಡಿಸಿದವರ ಮೈ ಬೇರೆ, ನಮ್ಮ ಮೈ ಬೇರೆ ಅಂದರು. ಒಂಬತ್ತು ಹತ್ತು ಮಕ್ಕಳು ದೊಡ್ಡಿಯಲ್ಲಿ ಸೇರಿದವು. ಅತ್ತೆ ಕಂಬಳಿ ಹೊದ್ದು ಮಲಗಿದ್ದಲ್ಲಿಂದಲೇ ಅವುಗಳಿಗೆ ಕತೆ ಹೇಳುತ್ತಿದ್ದರು. ಜ್ವರದಲ್ಲಿ ಕತೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ರಾಜಕುಮಾರ ಕುದುರೆ ಹತ್ತಿ ಹೊರಟವನು ಸೀಮೆಎಣ್ಣೆಗೆ ಸಾಲಿನಲ್ಲಿ ನಿಂತುಬಿಡುತ್ತಿದ್ದ. ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಯಿತು. ಕತ್ತೆಯೂ ಹತ್ತಿರ ಬಂದು ನಿಂತು ಕೇಳುತ್ತಿತ್ತು.

ನಾನು ಹೆದರಿಹೋಗಿದ್ದೆ. ಮಗುವನ್ನು ಉಳಿಸಲು ಹೋಗಿ ಅತ್ತೆಯನ್ನು ಕಳೆದುಕೊಂಡೆನಾ ಎಂದು ರಾತ್ರಿಯಿಡೀ ಅವರ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅವರಿಗೆ ಏನಾದರೂ ಆದರೆ ಪುಟ್ಟಿಗೂ ಸೂಜಿ ಇಲ್ಲ, ಆ ಬಯಲಿನ ಮಿಕ್ಕ ಒಂದು ಮಗುವಿಗೂ ಇಲ್ಲ. ಮನೆದೇವರಿಗೆ, ಘಾಟಿ ಸುಬ್ರಹ್ಮಣ್ಯನಿಗೆ, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ರಾಯರು ದಿನಾ ಸೈಕಲ್ಲಿನಲ್ಲಿ ಬಂದು ಅತ್ತೆಯ ನಾಡಿ ಹಿಡಿದು ನೋಡುತ್ತಿದ್ದರು, ಹೋಗುವಾಗ ಒಂದು ಕಿತ್ತಳೆಹಣ್ಣು ಇಟ್ಟು ಹೋಗುತ್ತಿದ್ದರು. ಅದನ್ನು ಅತ್ತೆ ತೊಳೆ ಬಿಡಿಸಿ ಮಕ್ಕಳಿಗೆ ಹಂಚಿಬಿಡುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಅವರೆಕಾಳಿನ ಸಾರು ಮಾಡಿ ಮುದ್ದೆಯ ಜೊತೆ ಮುಂದಿಟ್ಟೆ. ಅತ್ತೆ ಎದ್ದು ಕೂತು ಒಂದು ತುತ್ತು ಬಾಯಿಗಿಟ್ಟರು. ಮುಖ ಸಿಂಡರಿಸಿದರು.

"ಇದೇನೇ ಇದು, ಸಾರಾ, ಕೈ ತೊಳ್ದಿರೋ ನೀರಾ? ಉಪ್ಪಿಲ್ಲ, ಹುಳಿ ಇಲ್ಲ. ನಿಮ್ಮಮ್ಮ ನಿನಗೆ ಇಷ್ಟೇನಾ ಕಲ್ಸಿದ್ದು?"

ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ನಾನು ಸೌಟು ಹಿಡಿದುಕೊಂಡೇ ಗಳಗಳ ಅಳಲು ಶುರುಮಾಡಿದೆ. ಮದುವೆಯಾಗಿ ಬಂದಾಗಿನಿಂದ ಅಷ್ಟು ಚೆನ್ನಾದ ಬೈಗುಳ ನಾನು ಕೇಳಿರಲಿಲ್ಲ. ಗೋಡೆಯಾಚೆ ನಿಂತಿದ್ದ ಮುನಿಯಪ್ಪ ಹೊಲಗಳ ಕಡೆ ತಿರುಗಿ ಕೂಗಿ ಹೇಳಿದ: "ಅಮ್ಮೋರು ಬೈತಾವ್ರೆ."

ಮಾರನೆಯ ಬೆಳಗ್ಗೆ ಅತ್ತೆ ಮುಖ ತೊಳೆದು, ತಲೆ ಬಾಚಿ, ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ರಾಯರು ಸೂಜಿ ಕುದಿಸಿದರು. ಪುಟ್ಟಿ ಅಳಲಿಲ್ಲ, ಕಣ್ಣು ಮುಚ್ಚಿಕೊಂಡದ್ದು ಅತ್ತೆ. ನಾನು ಪಕ್ಕದಲ್ಲಿ ಕೂತಿದ್ದೆ. ನನ್ನ ಕಡೆ ತಿರುಗದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಕಲ್ಲಿನ ಹತ್ರ ಹೋಗಿ ನಿಂತ್ಕೊ ಅಂತ ಇವಳಿಗೆ ಹೇಳ್ಕೊಟ್ಟೋಳು ನೀನು."

"ಯಾರ್ ಹೇಳಿದ್ರು ಅತ್ತೆ?"

"ಯಾರೂ ಹೇಳ್ಲಿಲ್ಲ. ಮಗು ಸಿಕ್ಕಿಬಿತ್ತು ಅಂತ ಹೊಲಕ್ಕೆ ಓಡಿ ಬಂದ್ಯಲ್ಲ, ಸೆರಗು ಒಂಚೂರೂ ಜಾರಿರ್ಲಿಲ್ಲ."

"ಗೊತ್ತಿದ್ದೂ ಬಂದ್ರಾ?"

ಸೂಜಿ ಮುಗಿದಿತ್ತು. ಅತ್ತೆ ಪುಟ್ಟಿಯ ತೋಳನ್ನು ಹತ್ತಿಯಿಂದ ಉಜ್ಜುತ್ತಲೇ ಇದ್ದರು.

"ನನ್ನ ಬಾಯಲ್ಲಿ ಹ್ಞೂ ಅನ್ನೋಕಾಗ್ತಿರ್ಲಿಲ್ಲ ಕಣೆ. ಒಂದ್ಸಲ ಅಂದಿದ್ದೆ. ಯಾರಾದ್ರೂ ಕಟ್ಟಿಹಾಕಿ ಅನ್ನಿಸ್ಬೇಕಾಗಿತ್ತು."

ನಾನು ಅವರ ಕೈಯಿಂದ ಹತ್ತಿ ತೆಗೆದುಕೊಂಡು ಬಿಸಾಡಿದೆ.

ಮೂರು ನಾಲ್ಕು ದಿನ ಕಾದು ಪುಟ್ಟಿಯೂ ಚೆನ್ನಾಗಿರುವುದನ್ನು ನೋಡಿದ ಮೇಲೆ ಜನಕ್ಕೆ ಧೈರ್ಯ ಬಂತು. ಧೈರ್ಯಕ್ಕಿಂತ ಹೆಚ್ಚಾಗಿ ಆಸೆ ಬಂತು. ಕೊಯ್ಲಿನ ಕಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳಲು, ಕತೆ ಹೇಳಲು, ಮುದ್ದೆ ತಿನ್ನಿಸಲು ನಂಜಮ್ಮನವರು ಪುಕ್ಕಟೆ ಸಿಕ್ಕಿದ್ದಾರೆ, ಮೇಲೆ ಇಲಿಯೇ ಇಲ್ಲದ ಜಾಗ. ಬಿಡಿಸಿಕೊಳ್ಳಲು ಬರುತ್ತಿದ್ದವರು ಈಗ ಸೇರಿಸಲು ಬಂದರು. ಆಗ ಮುನಿಯಪ್ಪ ಮತ್ತೆ ಅಡ್ಡ ನಿಂತ.

"ತಪ್ಪು ಮಾಡದ ಮಗೂನ ದೊಡ್ಡಿಗೆ ಹಾಕೋಕೆ ಆಗಲ್ಲ. ಕಾಯಿದೆ ಇಲ್ಲ."

ಪಟೇಲರು ಬೈದರು, ಜಗ್ಗಲಿಲ್ಲ. ಕೊನೆಗೆ ಅತ್ತೆಯೇ ದಾರಿ ಹುಡುಕಿದರು. ಪ್ರತಿ ಬೆಳಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ಊರ ಬಾಗಿಲ ಕಲ್ಲಿನವರೆಗೆ ನಡೆಸುವುದು. ಒಂದೊಂದು ಮಗುವೂ ಒಂದೊಂದು ಕಾಲನ್ನು ಕಲ್ಲಿನಾಚೆ ಇಟ್ಟು ತೆಗೆಯುವುದು. ಮುನಿಯಪ್ಪ ಹಿಡಿಯುವುದು. ಅಲ್ಲಿಂದ ಮೆರವಣಿಗೆಯಲ್ಲಿ ದೊಡ್ಡಿಗೆ. ಬೂದಿಗೆರೆಯ ಅಣ್ಣತಮ್ಮಂದಿರ ಮಕ್ಕಳು ಕೈಕೈ ಹಿಡಿದು ಒಟ್ಟಿಗೆ ಕಾಲಿಡುತ್ತಿದ್ದರು. ಮೊದಲ ಸಲದ ದಂಡ ಸೂಜಿ, ಆಮೇಲಿನದಕ್ಕೆ ಒಂದು ಹಿಡಿ ಅವರೆಕಾಳು. ಪಟೇಲರು ರಾಗಿ ಬೆಲ್ಲ ಕಳಿಸಿದರು. ಮೇಷ್ಟ್ರು ಸುದ್ದಿ ಕೇಳಿ, ನಾಚಿಕೆಯಾಗಿ ವಾಪಸ್ಸು ಬಂದು, ಕಲ್ಲುಗೋಡೆಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು ಪಾಠ ಮಾಡಿದರು. ಸಂಜೆ ಬಿಡುವಾಗ ಮುನಿಯಪ್ಪ ಒಂದೊಂದು ಮಗುವಿನ ಬೆನ್ನನ್ನೂ ಮೆಲ್ಲಗೆ ತಟ್ಟಿ, "ದಂಡ ತೀರ್ತು, ಮನೆ ಕಡೆ ನಡಿ," ಅನ್ನುತ್ತಿದ್ದ. ಯಾವ ಮಗುವಿಗಾದರೂ ಅವನು ಮರೆತು ಹೇಳದಿದ್ದರೆ ಅದು ಅಲ್ಲಿಂದ ಅಲುಗುತ್ತಿರಲಿಲ್ಲ.

ಆ ವರ್ಷ ಪ್ಲೇಗು ನಮ್ಮಲ್ಲಿ ಕೆಲವು ದೊಡ್ಡವರನ್ನು ತೆಗೆದುಕೊಂಡು ಹೋಯಿತು. ಅದರಲ್ಲಿ ಬೂದಿಗೆರೆಯ ಅಣ್ಣನೂ ಒಬ್ಬ. ತಮ್ಮ ಆಮೇಲೆ ಗೆರೆ ಎಳೆಯಲಿಲ್ಲ. ಮಕ್ಕಳು ಮಾತ್ರ ಎಲ್ಲರೂ ಊರಿಗೆ ವಾಪಸ್ಸು ಬಂದರು. ಎಲ್ಲರೂ.

ಸಂಕ್ರಾಂತಿ ಕಳೆದ ಮೇಲೆ ಊರಿಗೆ ಮರಳಿದ ದಿನ ದೊಡ್ಡಿಯ ಬಾಗಿಲನ್ನು ಪೂರ್ತಿ ತೆಗೆದರು. ಮಕ್ಕಳು ಒಬ್ಬೊಬ್ಬರಾಗಿ ಬೆನ್ನು ತಟ್ಟಿಸಿಕೊಂಡು ಓಡಿದವು. ಕೊನೆಗೆ ಅತ್ತೆ ಚಾಪೆ ಸುತ್ತಿಕೊಂಡು ಬಂದು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತರು.

"ಹ್ಞೂ ಮುನಿಯಾ, ನಂಗೂ ಹೇಳು."

ಅವನು ಎರಡು ಹೆಜ್ಜೆ ಹಿಂದೆ ಹೋದ. ಸೂಜಿ ಹಾಕಿಸಿ ಕಳೆದುಕೊಂಡ ಅವರ ಮಗುವಿನ ವಿಷಯ ಊರಲ್ಲಿ ಯಾರಿಗೆ ಗೊತ್ತಿರಲಿಲ್ಲ? "ನಿಮಗೆ ಹೆಂಗ್ ಹೇಳ್ಲಮ್ಮಾ ದಂಡ ತೀರ್ತು ಅಂತ. ನನ್ ಕೈಲಾಗಲ್ಲ," ಅಂದ.

ಅತ್ತೆ ಚಾಪೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. "ಸರಿ ಬಿಡು. ಬಾಕಿ ಇರ್ಲಿ," ಎಂದು ನಕ್ಕು ಹೊರಟರು. ಕತ್ತೆ ಅವರ ಹಿಂದೆ ನಮ್ಮ ಮನೆಗೆ ಬಂತು. ಅದಕ್ಕೆ ದಂಡ ಕಟ್ಟುವವರು ಯಾರೆಂದು ಮುನಿಯಪ್ಪ ಯುಗಾದಿಯವರೆಗೂ ಕೇಳುತ್ತಿದ್ದ.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದ್ದರು. ಪುಟ್ಟಿಯ ಮದುವೆ ನೋಡಿದರು, ಅವಳ ಮಕ್ಕಳಿಗೂ ಸೀಮೆಎಣ್ಣೆಯ ರಾಜಕುಮಾರನ ಕತೆ ಹೇಳಿದರು, ನನ್ನ ಸಾರಿಗೆ ಕೊನೆಯವರೆಗೂ ಉಪ್ಪು ಸಾಲದು ಅಂದರು. ತೀರಿಕೊಂಡ ದಿನ ಅವರನ್ನು ಹೊತ್ತುಕೊಂಡು ಹೋಗುವ ದಾರಿಯಲ್ಲಿ ದೊಡ್ಡಿ ಸಿಕ್ಕಿತು. ಗೋಡೆ ಅರ್ಧ ಬಿದ್ದಿತ್ತು, ಬೇವಿನ ಮರ ಇತ್ತು. ಮುನಿಯಪ್ಪನಿಗೆ ಆ ಹೊತ್ತಿಗೆ ಕಣ್ಣು ಕಾಣುತ್ತಿರಲಿಲ್ಲ. ಮೊಮ್ಮಗಳ ಕೈ ಹಿಡಿದು ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ. ಹೊತ್ತವರು ಅವನನ್ನು ನೋಡಿ ತಾವಾಗಿಯೇ ನಿಂತರು. ಅವನು ತಡವರಿಸಿಕೊಂಡು ಬಂದು, ಚಟ್ಟದ ಅಂಚನ್ನು ಕೈಯಿಂದ ಹುಡುಕಿ, ಮೆಲ್ಲಗೆ ಒಂದು ತಟ್ಟಿದ.

"ದಂಡ ತೀರ್ತು ಕಣಮ್ಮಾ," ಅಂದ. "ಮನೆ ಕಡೆ ನಡೀರಿ."